ಒಂದು ರಿಂಗಿಗೆ ತಿರುಗುವ ಗರಗಸ

ಚಂದಯ್ಯ ಹೆಗ್ಡೆಯವರು ಮುಂಬಯಿಯ ಕುರ್ಲಾದಲ್ಲಿ ಹೋಟೆಲು ನಡೆಸಿದಷ್ಟು ಕಾಲವೂ ಗಲ್ಲಾದ ಕುರ್ಚಿ ಬಿಟ್ಟು ಎದ್ದವರಲ್ಲ. ಎದ್ದರೆ ಯಜಮಾನಿಕೆ ಹೋಯಿತು ಎಂಬುದು ಅವರ ಗಟ್ಟಿ ನಂಬಿಕೆ. ಗಲ್ಲಾದ ಮೇಲೆ ಹಿತ್ತಾಳೆಯದೊಂದು ಗಂಟೆ ಇತ್ತು, ಅಂಗೈಯಲ್ಲಿ ಒತ್ತಿದರೆ ಟಿಣ್ ಎನ್ನುವಂಥದ್ದು. ಒಂದು ಟಿಣ್ ಎಂದರೆ ಚಹಾ, ಎರಡು ಟಿಣ್ ಎಂದರೆ ಟೇಬಲ್ ಒರೆಸು, ಬಿಡದೆ ಒತ್ತುತ್ತಿದ್ದರೆ ಅಡುಗೆಮನೆಯಲ್ಲಿ ಯಾರಿಗೋ ಗ್ರಹಚಾರ ಕಾದಿದೆ ಎಂದು ಅರ್ಥ. ಹೋಟೆಲಿನ ಮೇಲಿನ ಮಾಳಿಗೆಯ ಖೋಲಿಯಲ್ಲಿದ್ದ ಹೆಂಡತಿ ರಾಜೀವಿ ಊಟಕ್ಕೆ ಕರೆಯಲು ದಿನವೂ ಒಂದು ಮಿಸ್ ಕಾಲ್ ಕೊಡುತ್ತಿದ್ದರು. ಹೆಗ್ಡೆಯವರು ಒಂದು ದಿನವೂ ಆ ಹೊತ್ತಿಗೆ ಹತ್ತಿಹೋದದ್ದಿಲ್ಲ. ಅನ್ನ ಆರುತ್ತಿತ್ತು, ಸಾರು ಆರುತ್ತಿತ್ತು, ರಾಜೀವಿ ಮಾತ್ರ ಮಿಸ್ ಕಾಲ್ ಕೊಡುವುದನ್ನು ಬಿಡಲಿಲ್ಲ.

ಮುಂಬಯಿ ಸಾಕೆನಿಸಿ ಊರಿಗೆ ಬಂದು, ತೆಕ್ಕಟ್ಟೆಯ ಹೈವೇ ಬದಿಯಲ್ಲಿ ಬಾಗಿಲು, ಕಿಟಕಿ, ದಾರಂದ ಮಾಡಿಕೊಡುವ ಶೆಡ್ ಹಾಕಿದಾಗಲೂ ಹೆಗ್ಡೆಯವರು ಮೊದಲು ತಂದಿಟ್ಟದ್ದು ಆ ಗಲ್ಲಾವನ್ನೇ. ಗರಗಸದ ಮಿಷನ್ ಬಂದದ್ದು ಆಮೇಲೆ. ಅದರ ಮೇಜಿನ ನಡುವೆ ದೊಡ್ಡ ಊಟದ ಬಟ್ಟಲಿನಷ್ಟು ಅಗಲದ ಬ್ಲೇಡು ಅರ್ಧ ತಲೆ ಎತ್ತಿಕೊಂಡು ನಿಂತಿತ್ತು. ಗಂಟೆ ಒತ್ತಿದರೆ ಅದು ತಿರುಗುವುದಿಲ್ಲ ಎಂಬ ಒಂದೇ ಒಂದು ಕೊರತೆ ಬಿಟ್ಟರೆ ಮಿಷನ್ನಿನ ಬಗ್ಗೆ ಹೆಗ್ಡೆಯವರಿಗೆ ಬೇರೆ ದೂರು ಇರಲಿಲ್ಲ.

ಮಿಷನ್ನಿನಲ್ಲಿ ಕೆಲಸ ಮಾಡುವವನು ಕಿಟ್ಟ ಆಚಾರಿ. ಕಿಟ್ಟನೂ ಹೆಗ್ಡೆಯವರೂ ಶಾಲೆಯಲ್ಲಿ ಒಂದೇ ಬೆಂಚು, ಒಂದೇ ಪೆಟ್ಟು. ಕಿಟ್ಟನಿಗೆ ಲೋಕದ ಎಲ್ಲ ವಿಷಯದಲ್ಲೂ ಅಭಿಪ್ರಾಯವಿತ್ತು, ಅದರಲ್ಲಿ ಮುಕ್ಕಾಲು ಪಾಲು ತಪ್ಪು, ಆದರೂ ಬಾಯಿ ಮುಚ್ಚಿದವನಲ್ಲ. ಹೆಗ್ಡೆಯವರ ಮನೆಯ ಮುಂಬಾಗಿಲು ಅವನದೇ ಕೆತ್ತನೆ. ಆ ಬಾಗಿಲಿನ ಬಳ್ಳಿಯ ಮೇಲೆ ಕೈಯಾಡಿಸಿಯೇ ಹೆಗ್ಡೆಯವರು ದಿನವೂ ಮನೆಯಿಂದ ಹೊರಬೀಳುತ್ತಿದ್ದರು. ಇಂಥ ಕಿಟ್ಟನಿಗೆ ಗರಗಸದ ಹೆದರಿಕೆ ಮಾತ್ರ ವಿಪರೀತ. ಅವನ ಅಣ್ಣ ಬೈಂದೂರಿನ ಕಡೆ ಯಾವುದೋ ಮರದ ಮಿಲ್ಲಿನಲ್ಲಿ ಮೂರು ಬೆರಳು ಕಳೆದುಕೊಂಡು ಬಂದಿದ್ದ. ಆಮೇಲೆ ಆ ಅಣ್ಣನ ಕೈಗೆ ಉಳಿ ಹಿಡಿಯುವುದು ಕೂಡಲಿಲ್ಲ.

ಮಿಷನ್ ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ ಹಿಂದಿನ ಗೋಡೆಯಲ್ಲಿತ್ತು. ಒಂದು ದಿನ ಹಲಸಿನ ಹಲಗೆ ಬ್ಲೇಡಿಗೆ ಕಚ್ಚಿಕೊಂಡು ಮಿಷನ್ ಹುಯ್ಯಲಿಡತೊಡಗಿದಾಗ ಕಿಟ್ಟ ಹಲಗೆ ಕೈಬಿಟ್ಟು, ಮೇಜು ಸುತ್ತಿ, ಗೋಡೆ ಮುಟ್ಟಿ ಆಫ್ ಮಾಡಬೇಕಾಯಿತು. ಅಷ್ಟರಲ್ಲಿ ಹಲಗೆ ಅವನ ಕಿವಿಯ ಪಕ್ಕದಿಂದ ಹಾರಿ ಹೈವೇ ಕಡೆಗೆ ಹೋಗಿತ್ತು.

"ಹೆಗ್ಡ್ರೆ, ಮರ ಸಿಕ್ಕಿ ಬಿದ್ರೆ ನಾ ಮರ ಹಿಡ್ಕಂಬುದಾ, ಗ್ವಾಡೆ ಬದಿಗ್ ಓಡುದಾ?" ಎಂದ ಕಿಟ್ಟ. "ಆಫ್ ಮಾಡುಕೆ ಒಂದ್ ಸ್ವಿಚ್ ಇಲ್ಲೇ ಕೈಗ್ ಸಿಕ್ಕುವಾಂಗ್ ಹಾಕ್ಸಿ ಕೊಡಿ."

ಹೆಗ್ಡೆಯವರ ಕಿವಿಗೆ ಬಿದ್ದದ್ದು ಸ್ವಿಚ್ ಎಂಬ ಮಾತು, ಕೈಗೆ ಸಿಗುವುದು ಎಂಬ ಮಾತು. ಯಾರ ಕೈಗೆ, ಯಾತಕ್ಕೆ ಎಂಬುದನ್ನು ಅವರ ಕಿವಿ ದಾರಿಯಲ್ಲೇ ಚೆಲ್ಲಿಬಿಟ್ಟಿತ್ತು. ಕೂತಲ್ಲಿಂದಲೇ ಮಿಷನ್ ತಿರುಗಿಸುವ ಯೋಗ ಕೂಡಿಬಂತು ಎಂದುಕೊಂಡು ಅವರು ಅವತ್ತೇ ಬ್ರಹ್ಮಾವರದ ಪದ್ದುವಿಗೆ ಫೋನು ಮಾಡಿದರು.

ಪದ್ದು ಪಂಪ್‌ಸೆಟ್ಟಿನ ಇಲೆಕ್ಟ್ರೀಷಿಯನ್. ಆ ಕಡೆಯ ತೆಂಗಿನ ತೋಟಗಳಿಗೆಲ್ಲ ಮೊಬೈಲ್ ಸ್ಟಾರ್ಟರ್ ಹಾಕಿಕೊಟ್ಟು ಹೆಸರು ಮಾಡಿದವನು. ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಆ ನಂಬರಿಗೆ ರಿಂಗ್ ಕೊಟ್ಟರೆ ಪಂಪು ಓಡುತ್ತದೆ, ಮತ್ತೆ ಕೊಟ್ಟರೆ ನಿಲ್ಲುತ್ತದೆ. ರಾತ್ರಿ ಹಾವಿನ ಹೆದರಿಕೆಯಲ್ಲಿ ತೋಟಕ್ಕೆ ಹೋಗುವುದು ತಪ್ಪಿತೆಂದು ಜನ ಪದ್ದುವನ್ನು ಕೊಂಡಾಡುತ್ತಿದ್ದರು.

"ಪಂಪಿಗ್ ಆಪುದ್ ಗರಗಸಕ್ಕ್ ಆಗ್ದಾ? ಮೋಟ್ರ್ ಎರಡೂ ಒಂದೇ," ಎಂದು ಪದ್ದು ಪೆಟ್ಟಿಗೆ ಬಿಚ್ಚಿದ. "ಒಂದ್ ಸಿಮ್ ಕೊಡಿ ಕಾಂಬ."

ಹೆಗ್ಡೆಯವರು ಗಲ್ಲಾದ ಡ್ರಾಯರಿನಿಂದ ಕುರ್ಲಾದ ಹಳೇ ಸಿಮ್ ತೆಗೆದುಕೊಟ್ಟರು. ಊರಿಗೆ ಬಂದಮೇಲೆ ಬೇರೆ ನಂಬರು ಮಾಡಿಸಿಕೊಂಡಿದ್ದರೂ, ಹೋಟೆಲಿನ ಆ ನಂಬರು ಸಾಯಲು ಅವರಿಗೆ ಮನಸ್ಸಾಗದೆ ರೀಚಾರ್ಜ್ ಮಾಡಿಸುತ್ತಲೇ ಬಂದಿದ್ದರು. ಇಂಥವರ ರಿಂಗಿಗೆ ಮಾತ್ರ ಓಡಬೇಕು ಎಂದು ಪೆಟ್ಟಿಗೆಗೆ ಹೇಳಿಕೊಡುವ ಉಪಾಯವೂ ಅದರಲ್ಲಿತ್ತು. ಆದರೆ ತೋಟದ ಪಂಪಿಗೆ ಮನೆಯವರೆಲ್ಲ ರಿಂಗ್ ಕೊಡುತ್ತಾರಲ್ಲ, ಹಾಗಾಗಿ ಪದ್ದು ಅಭ್ಯಾಸಬಲದಿಂದ ಅದನ್ನು ಎಲ್ಲರಿಗೂ ತೆರೆದೇ ಬಿಟ್ಟ.

ಗಲ್ಲಾದಲ್ಲಿ ಕೂತು ಹೆಗ್ಡೆಯವರು ಮೊದಲ ರಿಂಗ್ ಕೊಟ್ಟರು. ಗೋಡೆಯ ಪೆಟ್ಟಿಗೆ ಟಕ್ ಎಂದಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಬಿಟ್ಟು ಬ್ಲೇಡು ಸುಯ್ಯೆಂದು ತಿರುಗಿತು. ಹೆಗ್ಡೆಯವರ ಮುಖ ಅರಳಿತು. ಮುಂಬಯಿ ಬಿಟ್ಟಮೇಲೆ ಅಷ್ಟು ಸಂತೋಷ ಅವರಿಗೆ ಆದದ್ದೇ ಇಲ್ಲ.

"ನಾ ಕೇಂಡದ್ದ್ ಆಫ್ ಮಾಡುಕೆ," ಎಂದ ಕಿಟ್ಟ.

"ಆಫೂ ಇತ್ತಲ್ಲ ಮಾರಾಯ. ಇನ್ನೊಂದ್ ರಿಂಗ್ ಕೊಟ್ರೆ ಆಯ್ತ್."

"ಅದ್ ಇಪ್ಪುದ್ ನಿಮ್ಮ ಕೈಯಂಗೆ ಅಲ್ದಾ?"

"ನಿಂಗ್ ಬೇಕಾರೆ ಹ್ವಾಯ್ ಅಂದ್ ಕರಿ, ನಾ ನಿಲ್ಸ್ತೆ."

ಗರಗಸ ತಿರುಗುವಾಗ ಹ್ವಾಯ್ ಎಂದರೆ ಪಕ್ಕದಲ್ಲಿ ನಿಂತವನಿಗೂ ಕೇಳಿಸುವುದಿಲ್ಲ. ಎರಡೂ ಕೈ ಹಲಗೆಯ ಮೇಲೆ, ಬಾಯಿ ನಿಷ್ಪ್ರಯೋಜಕ. ಕಡೆಗೆ ಕಿಟ್ಟ ನಿಲ್ಲಿಸಬೇಕಾದಾಗ ಎಡಗಾಲು ಎತ್ತಬೇಕೆಂದು ನಿಶ್ಚಯವಾಯಿತು. ಹೈವೇಯಲ್ಲಿ ಬಸ್ಸಿಗೆ ಕಾಯುವವರು, ಇದೆಂತ ಆಚಾರಿ ಆಗಾಗ ಒಂಟಿಕಾಲಲ್ಲಿ ನಿಲ್ಲುತ್ತಾನಲ್ಲ ಎಂದು ನೋಡುತ್ತಿದ್ದರು. ಹೆಗ್ಡೆಯವರು ಪೇಪರಿನಲ್ಲಿ ಮುಳುಗಿದ್ದರೆ ಕಿಟ್ಟ ಬಹಳ ಹೊತ್ತು ಹಾಗೆಯೇ ನಿಂತಿರಬೇಕಾಗುತ್ತಿತ್ತು.

ಇದನ್ನೂ ಸಹಿಸಬಹುದಿತ್ತು. ಆದರೆ ಸ್ವಲ್ಪ ದಿನದಲ್ಲೇ ಮಿಷನ್ ತನ್ನಷ್ಟಕ್ಕೇ ತಿರುಗಲು ಶುರುವಾಯಿತು. ಮೊದಲ ಸಲ ಕಿಟ್ಟ ಕೈತೊಳೆಯಲು ಬಾವಿಕಟ್ಟೆಗೆ ಹೋಗಿದ್ದ, ಹೆಗ್ಡೆಯವರು ಯಾರೊಡನೆಯೋ ಹೊರಗೆ ಮಾತಾಡುತ್ತಿದ್ದರು. ಶೆಡ್ಡಿನಲ್ಲಿ ನರಪಿಳ್ಳೆ ಇಲ್ಲ, ಗರಗಸ ಒಂದೇ ಸಮನೆ ಗಾಳಿ ಕೊಯ್ಯುತ್ತಿತ್ತು. ನೀ ಆಫ್ ಮಾಡಲು ಮರೆತದ್ದು ಎಂದು ಹೆಗ್ಡೆಯವರು, ಆಫ್ ನಿಮ್ಮ ಕಿಸೆಯಲ್ಲಿರುವಾಗ ನಾ ಮರೆಯುವುದು ಹೇಗೆ ಎಂದು ಕಿಟ್ಟ. ಎರಡನೇ ಸಲ ಇಬ್ಬರೂ ಎದುರಿಗೇ ಇದ್ದರು. ಆಗಲೂ ಮಧ್ಯಾಹ್ನದ ಹೊತ್ತು.

"ಮಧ್ಯಾಹ್ನ ಆರೆ ಸಾಕ್, ಅದ್ಕ್ ಹಶು ಆತ್ತ್ ಕಾಣಿ," ಎಂದ ಕಿಟ್ಟ ಗಂಭೀರವಾಗಿ. "ಕಬ್ಬಿಣ ಅಲ್ದಾ, ಎಂತದಾರೂ ಕೇಂತ್."

ಮಿಷನ್ನಿನ ಹಸಿವು ತಣಿಯಲೆಂದು ಅವನು ಒಂದು ತೆಂಗಿನಕಾಯಿ ಒಡೆದ. ವೋಲ್ಟೇಜಿನ ದೋಷವೆಂದು ಹೆಗ್ಡೆಯವರು ತೀರ್ಪು ಕೊಟ್ಟರು. ಕರೆಂಟು ಕಂಡದ್ದಕ್ಕೆಲ್ಲ ವೋಲ್ಟೇಜ್ ಕಾರಣ ಎಂದರೆ ನಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ. ಆದರೂ ಕಿಟ್ಟ ಅವತ್ತಿನಿಂದ ಒಂದು ಹೊಸ ರೂಢಿ ಹಿಡಿದ. ಬ್ಲೇಡಿನ ಹತ್ತಿರ ಕೈ ಹಾಕಬೇಕಾದಾಗಲೆಲ್ಲ ಗೋಡೆಯ ಬೋರ್ಡಿನಿಂದ ಫ್ಯೂಸುಗಳನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಇದು ಹೆಗ್ಡೆಯವರಿಗೆ ಸರಿಬರಲಿಲ್ಲ. ಅದೂ ಕುಂದಾಪುರದಿಂದ ಬಂದ ಕಂಟ್ರಾಕ್ಟರರೊಬ್ಬರಿಗೆ ಗಲ್ಲಾದಿಂದಲೇ ಮಿಷನ್ ತಿರುಗಿಸಿ ತೋರಿಸುತ್ತೇನೆಂದು ಹೆಗ್ಡೆಯವರು ಫೋನು ಒತ್ತಿ, ಒತ್ತಿ, ಮತ್ತೂ ಒತ್ತಿ ಬೆವರಿದ ದಿನವಂತೂ ಕೇಳುವುದೇ ಬೇಡ. ಫ್ಯೂಸುಗಳು ಕಿಟ್ಟನ ಜೇಬಿನಲ್ಲಿದ್ದವು, ಕಿಟ್ಟ ಚಹಾದಂಗಡಿಯಲ್ಲಿದ್ದ. ಕಂಟ್ರಾಕ್ಟರರು ಸಣ್ಣಗೆ ನಕ್ಕರು. ಆ ನಗೆ ಹೆಗ್ಡೆಯವರ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮೇಜಿನ ಸಂದಿಗೂ ಬ್ಲೇಡಿಗೂ ನಡುವೆ ಸಾಗುವಾನಿಯ ಚಕ್ಕೆಯೊಂದು ಸಿಕ್ಕಿಬಿತ್ತು. ಕಿಟ್ಟ ಕಾಲೆತ್ತಿದ, ಹೆಗ್ಡೆಯವರು ರಿಂಗ್ ಕೊಟ್ಟರು, ಮಿಷನ್ ನಿಂತಿತು. ಕಿಟ್ಟ ಫ್ಯೂಸು ಕೀಳಲು ಗೋಡೆಯತ್ತ ಹೊರಟ.

"ನಿಲ್ಲ್ ಅಲ್ಲೆ," ಎಂದು ಹೆಗ್ಡೆಯವರು ಗಲ್ಲಾದಿಂದ ಎದ್ದೇಬಿಟ್ಟರು. ಅವರು ಎದ್ದದ್ದು ನೋಡಿ ಕಿಟ್ಟನಿಗೇ ಗಾಬರಿಯಾಯಿತು. "ಫ್ಯೂಸ್ ಮುಟ್ಟುಕಾಗ. ಇವತ್ತ್ ನಿನ್ನ ಹೆದ್ರಿಕೆ ಬಿಡ್ಸಿಯೇ ಬಿಡ್ತೆ."

"ಹೆಗ್ಡ್ರೆ, ಬ್ಯಾಡ."

"ಕಾಣ್ ಇಲ್ಲಿ. ಮಿಷನ್ ಆನ್ ಆಪುಕೆ ಈ ಫೋನಿಂದ ರಿಂಗ್ ಹೋಯ್ಕ್ ಅಲ್ದಾ?" ಹೆಗ್ಡೆಯವರು ತಮ್ಮ ಫೋನನ್ನು ಮಿಷನ್ನಿನ ಮೇಜಿನ ಮೇಲೆ, ಕಿಟ್ಟನ ಕಣ್ಣೆದುರೇ ಇಟ್ಟರು. "ಫೋನ್ ಇಲ್ಲಿತ್ತ್. ನಾ ಇಲ್ಲಿದ್ದೆ. ಇನ್ನ್ ಇದ್ನ ಆನ್ ಮಾಡುಕೆ ಯಾರ್ ಬತ್ತ್ರ್?"

ಹೇಳಿ, ಬಗ್ಗಿ, ಬಲಗೈಯನ್ನು ಬ್ಲೇಡಿನ ಹಲ್ಲಿನ ಬುಡಕ್ಕೆ ತೂರಿಸಿ ಚಕ್ಕೆಯನ್ನು ಅಲುಗಾಡಿಸತೊಡಗಿದರು.

ಹಿಂದಿನ ಗೋಡೆಯಲ್ಲಿ ಪೆಟ್ಟಿಗೆ ಟಕ್ ಎಂದಿತು.

ಹೆಗ್ಡೆಯವರಿಗೆ ಅದು ಕೇಳಿಸಿತು. ಕೇಳಿಸಿತು ಎಂದು ತಿಳಿಯಿತು ಕೂಡ, ಆದರೆ ಕೈ ತಮ್ಮದಲ್ಲವೇನೋ ಎಂಬಂತೆ ಅಲ್ಲೇ ಇತ್ತು. ಕಿಟ್ಟ ಹಿಂದಿನಿಂದ ಅವರ ಲುಂಗಿಯ ಸೊಂಟಕ್ಕೆ ಎರಡೂ ಕೈ ಹಾಕಿ ಎಳೆದ. ಇಬ್ಬರೂ ಮರದ ಹೊಟ್ಟಿನ ರಾಶಿಯ ಮೇಲೆ ಅಂಗಾತ ಬಿದ್ದರು. ಬ್ಲೇಡು ತಿರುಗಿತು. ಚಕ್ಕೆ ಚಾವಣಿಗೆ ಹಾರಿ ತಗಡಿಗೆ ಬಡಿದು ಬಿತ್ತು. ಮೇಜು ಅದುರಿದ ರಭಸಕ್ಕೆ ಫೋನು ಜಾರುತ್ತ ಜಾರುತ್ತ ಬ್ಲೇಡಿನ ಬಾಯಿಗೆ ಹೋಗಿ ಚೂರುಚೂರಾಯಿತು.

ಹೆಗ್ಡೆಯವರು ಮೊದಲು ಬೆರಳು ನೋಡಿಕೊಂಡರು. ಹೆಬ್ಬೆರಳು ಇತ್ತು, ಉಳಿದವೂ ಇದ್ದವು. ನಡುಬೆರಳಿನ ಉಗುರಿನ ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ರಕ್ತ. ಆಮೇಲೆ ಅವರಿಗೆ ಮಿಷನ್ ಇನ್ನೂ ತಿರುಗುತ್ತಿದೆ ಎಂಬುದು ಗಮನಕ್ಕೆ ಬಂತು. ಅಭ್ಯಾಸದಂತೆ ಆಫ್ ಮಾಡಲು ಫೋನಿಗೆ ತಡಕಿದರು. ಫೋನಿನ ಒಂದು ಚೂರು ಅವರ ಮಡಿಲಲ್ಲೇ ಬಿದ್ದಿತ್ತು.

ಕಿಟ್ಟ ಎದ್ದು ಹೋಗಿ ಫ್ಯೂಸು ಕಿತ್ತ. ಬ್ಲೇಡು ನಿಲ್ಲುವವರೆಗೂ ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಹಶು," ಎಂದ ಕಿಟ್ಟ.

ಹೆಗ್ಡೆಯವರಿಗೆ ಅವನನ್ನು ಅಪ್ಪಿಕೊಂಡು ಅಳಬೇಕೆನಿಸಿತು. ಯಜಮಾನರಾದವರು ಹಾಗೆಲ್ಲ ಮಾಡುವುದು ಹೇಗೆಂದು ತಿಳಿಯದೆ, ಊಟ ಮಾಡಿ ಬರುತ್ತೇನೆಂದು ಹೇಳಿ ಗದ್ದೆಯ ಅಂಚಿನಲ್ಲಿ ಮನೆಯತ್ತ ನಡೆದರು. ಮುಂಬಾಗಿಲಿನ ಬಳ್ಳಿಯ ಮೇಲೆ ಕೈಯಾಡಿಸಿದಾಗ, ಇದನ್ನು ಕೆತ್ತಿದವನ ಕೈ ಇಷ್ಟು ದಿನವೂ ಅದೇ ಬ್ಲೇಡಿನ ಬುಡದಲ್ಲಿ ಇತ್ತಲ್ಲ ಎಂದು ಅವರಿಗೆ ನೆನಪಾಯಿತು.

ರಾಜೀವಿ ಬಂಗುಡೆ ಸಾರು ಮಾಡಿ, ಕುಚ್ಚಲಕ್ಕಿ ಅನ್ನ ಬಡಿಸಲು ಕಾದಿದ್ದರು.

"ಹ್ವಾಯ್, ಆಗಳಿಕೇ ಮಿಸ್ ಕಾಲ್ ಕೊಟ್ಟಿದ್ದೆ. ಎಲ್ಲ್ ಹೋಯ್ರಿ? ಆಮೇಲ್ ಇನ್ನೊಂದ್ ನಂಬ್ರಕ್ಕ್ ಕೊಟ್ರೆ ಸ್ವಿಚ್ ಆಫ್ ಅಂತ್."

ಹೆಗ್ಡೆಯವರು ಬಟ್ಟಲಿನ ಮುಂದೆ ಕೂರಲು ಬಗ್ಗಿದವರು ಹಾಗೆಯೇ ನಿಂತರು. "ಇನ್ನೊಂದ್ ನಂಬ್ರ ಅಂದ್ರೆ?"

ರಾಜೀವಿ ಫೋನು ತಂದು ತೋರಿಸಿದರು. ಗಂಡನ ಹೆಸರನ್ನು ಅವರು ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳಿದವರಲ್ಲ. ಫೋನಿಗೆ ನಂಬರು ಹಾಕಿಕೊಟ್ಟ ಮಗಳು ಮೋಕ್ಷಿತಾ ಏನೆಂದು ಬರೆಯಲಿ ಎಂದು ಕೇಳಿದಾಗಲೂ 'ಇವ್ರ್' ಎಂದಷ್ಟೇ ಬರೆಸಿದ್ದರು. ಊರಿಗೆ ಬಂದು ಹೊಸ ನಂಬರಾದಾಗ ಅದೂ 'ಇವ್ರ್'. ಪರದೆಯ ಮೇಲೆ ಒಬ್ಬರ ಕೆಳಗೊಬ್ಬರು ಇಬ್ಬರು ಇವ್ರ್ ಕೂತಿದ್ದರು. ಮೇಲಿನವರು ಕುರ್ಲಾದವರು.

"ಅವಸ್ರದಂಗೆ ಯಾವ್ದಕ್ಕ್ ಒತ್ತಿ ಹೋತ್ತೋ ನಂಗ್ ಗೊತ್ತಾತಿಲ್ಲೆ," ಎಂದರು ರಾಜೀವಿ. "ಎರಡೂ ನೀವೇ ಅಲ್ದಾ?"

ಹೌದಲ್ಲ, ಎರಡೂ ನಾನೇ ಎಂದುಕೊಂಡರು ಹೆಗ್ಡೆಯವರು. ಕಿಟ್ಟ ಬಾವಿಕಟ್ಟೆಗೆ ಹೋಗಿದ್ದ ದಿನ, ಇಬ್ಬರೂ ಎದುರಿಗಿದ್ದ ದಿನ, ಇವತ್ತು, ಎಲ್ಲವೂ ಊಟದ ಹೊತ್ತೇ. ಕುರ್ಲಾದಲ್ಲಿ ಎಷ್ಟು ಸಲ ಕೂಗಿದರೂ ತಾನು ಓಗೊಡದ ಕರೆಗೆ ಇಲ್ಲಿ ಗರಗಸ ಓಗೊಡುತ್ತಿತ್ತು. ಹೇಳಿಬಿಡೋಣವೆಂದು ಬಾಯಿ ತೆರೆದರು. ರಾಜೀವಿ ಆಗಲೇ ಬಂಗುಡೆಯ ನಡುತುಂಡು ಹುಡುಕಿ ಅವರ ಬಟ್ಟಲಿಗೆ ಹಾಕುತ್ತಿದ್ದರು. ಹೇಳಿದರೆ ಈ ಹೆಂಗಸು ಇನ್ನು ಜನ್ಮದಲ್ಲಿ ಫೋನು ಮುಟ್ಟುವುದಿಲ್ಲ, ನೆಮ್ಮದಿಯಾಗಿ ಒಂದು ತುತ್ತು ಉಣ್ಣುವುದೂ ಇಲ್ಲ ಎಂದು ಅವರಿಗೆ ತಿಳಿದಿತ್ತು. ಫೋನು ಕೈತಪ್ಪಿ ಬಿದ್ದು ಒಡೆಯಿತು ಎಂದಷ್ಟೇ ಹೇಳಿದರು.

"ಬೆರಳಿಗ್ ಎಂತ ಆಯ್ತ್?"

"ಚಕ್ಕೆ ತಾಗಿತ್."

ಅವತ್ತು ಸಂಜೆ ಹೇಳಿಕಳಿಸಿದ್ದಕ್ಕೆ ಪದ್ದು ಬಂದ. ಫ್ಯೂಸಿಲ್ಲದ ಬೋರ್ಡು, ಫೋನಿನ ಚೂರುಗಳು, ಹೆಗ್ಡೆಯವರ ಮುಖ ಎಲ್ಲವನ್ನೂ ಒಂದೊಂದಾಗಿ ನೋಡಿದ.

"ಸಿಮ್ಮಿನ ನಂಬ್ರ ಯಾರ್ಯಾರಿಗ್ ಗೊತ್ತಿತ್ತ್ ಹೆಗ್ಡ್ರೆ?"

"ಅರ್ಧ ಕುರ್ಲಾಕ್ಕ್ ಗೊತ್ತಿತ್ತ್," ಎಂದರು ಹೆಗ್ಡೆಯವರು. "ಯಾವ್ದೋ ಕಂಪೆನಿಯವ್ರ್ ಲೋನ್ ಬೇಕಾ ಕೇಂಬುಕೆ ಮಾಡಿಪ್ಪುದ್."

ಗರಗಸಕ್ಕೆ ಯಾಕೆ ಲೋನ್ ಕೊಡುತ್ತಾರೆಂದು ಕಿಟ್ಟ ಗೊಣಗಿದ. ಪದ್ದು ತಲೆ ಕೆರೆದುಕೊಂಡ. "ನೀವ್ ಹೇಳಿದ್ದ್ ಆನ್ ಮಾಡುಕೆ ಅಂದೇಳಿ. ಆಫ್ ಮಾಡುಕೆ ಕೇಂಡಿದ್ರೆ ನಾ ಬೇರೆ ನಮೂನಿ ವಯರಿಂಗ್ ಮಾಡ್ತಿದ್ದೆ."

"ಕೇಂಡದ್ದ್ ನಾನ್," ಎಂದ ಕಿಟ್ಟ.

"ನನ್ನತ್ರ ಕೇಣ್ಲಿಲ್ಲೆ ಅಲ್ದಾ?"

ಇಬ್ಬರೂ ಹೆಗ್ಡೆಯವರನ್ನು ನೋಡಿದರು. ಹೆಗ್ಡೆಯವರು ಗಲ್ಲಾದ ಗಂಟೆಯನ್ನು ಬಟ್ಟೆಯಿಂದ ಒರೆಸತೊಡಗಿದರು. ಒರೆಸುತ್ತಲೇ, ತಲೆ ಎತ್ತದೆ, "ಕಿಟ್ಟ, ತಪ್ಪಾಯ್ತ್ ಮಾರಾಯ. ನಿನ್ನ ಕೈ ಹೋಗಿದ್ರೆ ನಾ ಆ ಬಾಗ್ಲ್ ದಾಟಿ ಮನೆ ಒಳಗ್ ಹ್ಯಾಂಗ್ ಹೋತಿದ್ದೆ?" ಎಂದರು.

"ಹೋಗಿದ್ರೆ ನನ್ನ ಗಲ್ಲಾದಗ್ ಕೂರ್ಸಿ ಗಂಟೆ ಒತ್ತುಕ್ ಹೇಳ್ತಿದ್ರಿ," ಎಂದ ಕಿಟ್ಟ. ಹೇಳಿದಮೇಲೆ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ.

ಪದ್ದು ಹೊಸದಾಗಿ ಕೆಲಸ ಶುರು ಮಾಡಿದ. ಮೊಬೈಲ್ ಪೆಟ್ಟಿಗೆಯನ್ನು ಕಿತ್ತು ಹೊರಗಿಟ್ಟ. ಗೋಡೆಯ ಸ್ಟಾರ್ಟರಿನ ಬದಲು ಹೊಸದೊಂದನ್ನು ಮಿಷನ್ನಿನ ಮುಂಬದಿಗೆ ಹಾಕಿದ. ಹಸಿರು ಗುಂಡಿ ಅಲ್ಲಿ ಮಾತ್ರ, ಮಿಷನ್ ಎದುರು ನಿಂತವನು ತಾನೇ ಕೈಯಿಂದ ಒತ್ತಬೇಕು. ಮೊಣಕಾಲು ತಾಗಿದರೂ ನಿಲ್ಲುವಂತೆ ಅಂಗೈಯಗಲದ ಕೆಂಪು ಗುಂಡಿಯೊಂದನ್ನು ಕೆಳಗೆ ಕೂರಿಸಿದ, ಕಿಟ್ಟ ಇನ್ನು ಕಾಲೆತ್ತುವುದಿದ್ದರೆ ಅದಕ್ಕೆ ಅರ್ಥವಿರಲಿ ಎಂದು. ಕರೆಂಟು ಹೋಗಿ ಬಂದರೆ ಮಿಷನ್ ತಾನಾಗಿ ತಿರುಗಕೂಡದು, ಯಾರಾದರೂ ಮತ್ತೆ ಹಸಿರು ಒತ್ತಬೇಕು. ದೂರದಿಂದ ನಿಲ್ಲಿಸಲು ರಿಮೋಟನ್ನೂ ಸೇರಿಸಿದ, ಆದರೆ ಮೋಟಾರಿನ ಕರೆಂಟನ್ನೆಲ್ಲ ಅದರ ಸಣ್ಣ ಪೆಟ್ಟಿಗೆಯೊಳಗೆ ಹಾಯಿಸಲಿಲ್ಲ. ಸ್ಟಾರ್ಟರನ್ನು ಹಿಡಿದಿಡುವ ತೆಳುವಾದ ವಯರು ಮಾತ್ರ ಅದರ ಮೂಲಕ ಹೋಗಿ ಬರುವಂತೆ ಮಾಡಿದ. ರಿಮೋಟ್ ಒತ್ತಿದರೆ ಆ ವಯರು ಕಡಿಯುತ್ತದೆ, ಮಿಷನ್ ನಿಲ್ಲುತ್ತದೆ. ವಯರು ಇಲಿ ಕಡಿದು ತುಂಡಾದರೂ ಅಷ್ಟೇ, ನಿಲ್ಲುವುದೇ ಹೊರತು ತಿರುಗುವುದಿಲ್ಲ. ಕೊನೆಗೆ ಮೈನ್ ಸ್ವಿಚ್ಚಿಗೆ ಒಂದು ಬೀಗ ಹಾಕಿ, ಬ್ಲೇಡಿಗೆ ಕೈ ಹಾಕುವವನ ಜೇಬಿನಲ್ಲೇ ಇರಲೆಂದು ಬೀಗದ ಕೈಯನ್ನು ಕಿಟ್ಟನಿಗೆ ಕೊಟ್ಟ.

ರಿಮೋಟು ಎರಡಿದ್ದವು, ಒಂದೊಂದರಲ್ಲೂ ಒಂದೇ ಕೆಂಪು ಗುಂಡಿ. ಒಂದನ್ನು ಕಿಟ್ಟ ಸೊಂಟಕ್ಕೆ ಸಿಕ್ಕಿಸಿಕೊಂಡ. ಇನ್ನೊಂದು ಹೆಗ್ಡೆಯವರ ಗಲ್ಲಾಕ್ಕೆ ಬಂತು. ಹೆಗ್ಡೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಆನ್ ಎಲ್ಲಿತ್ತ್?"

"ಆನ್ ಇಲ್ಲೆ ಹೆಗ್ಡ್ರೆ," ಎಂದ ಪದ್ದು. "ಬರೀ ನಿಲ್ಸುದ್."

ಹೆಗ್ಡೆಯವರು ರಿಮೋಟನ್ನು ಗಲ್ಲಾದ ಮೇಲಿಟ್ಟರು. ಪೆಟ್ಟಿಗೆಯಿಂದ ತೆಗೆದ ಕುರ್ಲಾದ ಸಿಮ್ಮನ್ನು ಪದ್ದು ಕತ್ತರಿಯಿಂದ ತುಂಡು ಮಾಡಲು ಹೊರಟಾಗ ಮಾತ್ರ ಕೈ ಚಾಚಿ ಇಸಿದುಕೊಂಡರು. ಅದನ್ನು ಒಂದು ಸಣ್ಣ ಗುಂಡಿಫೋನಿಗೆ ಹಾಕಿ ಗಂಟೆಯ ಪಕ್ಕದಲ್ಲಿಟ್ಟರು.

ಈಗ ದಿನವೂ ಮಧ್ಯಾಹ್ನ ಆ ಫೋನು ಒಂದು ಸಲ ರಿಂಗಾಗಿ ಕಡಿಯುತ್ತದೆ. ಹೆಗ್ಡೆಯವರು ಕೆಂಪು ಗುಂಡಿ ಒತ್ತುತ್ತಾರೆ. ಗರಗಸದ ಸದ್ದು ಇಳಿಯುತ್ತ ಇಳಿಯುತ್ತ ನಿಲ್ಲುತ್ತದೆ. ಬ್ಲೇಡು ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿದಮೇಲೆ ಅವರು ಗಲ್ಲಾ ಬಿಟ್ಟು ಎದ್ದು ಗದ್ದೆಯ ಅಂಚು ಹಿಡಿಯುತ್ತಾರೆ. ಮಿಷನ್ನಿನ ಹಶು ತೆಂಗಿನಕಾಯಿಯಿಂದಲೇ ಅಡಗಿದ್ದು ಎಂದು ಕಿಟ್ಟ ಚಹಾದಂಗಡಿಯಲ್ಲಿ ಹೇಳುತ್ತಿರುತ್ತಾನೆ, ಹೆಗ್ಡೆಯವರು ಅದನ್ನು ತಿದ್ದಲು ಹೋಗುವುದಿಲ್ಲ.

ರಾಜೀವಿಯ ಸಂತೋಷಕ್ಕಂತೂ ಪಾರವಿಲ್ಲ. "ಬೊಂಬಾಯಂಗೆ ಎಷ್ಟ್ ಕರೆದ್ರೂ ಗಲ್ಲಾ ಬಿಟ್ಟ್ ಏಳ್ದವ್ರ್," ಎಂದು ನೆರೆಯವರ ಮುಂದೆಲ್ಲ ಹೇಳಿಕೊಳ್ಳುತ್ತಾರೆ. "ಈಗ ಕಾಣಿ, ನಂದ್ ಒಂದ್ ಮಿಸ್ ಕಾಲಿಗೆ ಮಿಷನ್ ನಿಲ್ಸಿ ಓಡಿ ಬತ್ರ್."

ಒಂದು ದಿನ ಅನ್ನ ಬಡಿಸುತ್ತ ಅವರು ತಡೆಯಲಾರದೆ ಕೇಳಿಯೇಬಿಟ್ಟರು. "ಹ್ವಾಯ್, ನಿಜ ಹೇಳಿ. ಈ ಪ್ರಾಯದಂಗೆ ನನ್ನ ಮಿಸ್ ಕಾಲ್ ಅಂದ್ರೆ ಅಷ್ಟ್ ಎಂತಕೆ ನಿಮ್ಗೆ?"

"ಹೆದ್ರಿಕೆ," ಎಂದರು ಹೆಗ್ಡೆಯವರು.

ರಾಜೀವಿ ನಾಚಿ ನಕ್ಕು, ಇನ್ನೊಂದು ಸೌಟು ಸಾರು ಸುರಿದರು. ಹೆಗ್ಡೆಯವರು ಐದೂ ಬೆರಳು ಕೂಡಿಸಿ ಅನ್ನ ಕಲಸಿಕೊಂಡರು.